ಕಾಂಟ್ಯಾಕ್ಟರ್ ‘ಹಿಡಿದಿದೆ’ ಅಂದರೆ ಸರಿ ಇದೆಯೋ, ಕೆಟ್ಟಿದೆಯೋ?

ತಿಪಟೂರು ಕಡೆ ಕಾಯಿಪುಡಿ ಒಣಗಿಸುವ ಡ್ರೈಯರ್‌ಗಳ ವೈರಿಂಗ್, ರಿಪೇರಿ ನನ್ನ ಕೆಲಸ. ಪ್ಯಾನೆಲ್ ಬಾಗಿಲಿಗೆ ಅಂಟಿಸಲು ಆಪರೇಟರ್‌ಗಳಿಗೆ ಕನ್ನಡದಲ್ಲೇ ಒಂದು ಚಾರ್ಟ್ ಬರೆಯುತ್ತಿದ್ದೇನೆ. ‘ಹಿಡಿ’ ಅನ್ನೋ ಮಾತು ಕಾಟ ಕೊಡ್ತಿದೆ.

ಕಾಂಟ್ಯಾಕ್ಟರ್ ಅಂದರೆ ಹೀಟರ್‌ಗೋ ಬ್ಲೋವರ್‌ಗೋ ಕರೆಂಟ್ ಕೊಡುವ ದೊಡ್ಡ ಸ್ವಿಚ್. ಅದರ ಕಾಯಿಲ್‌ಗೆ, ಅಂದರೆ ಒಳಗಿನ ತಂತಿ ಸುರುಳಿಗೆ, ಕರೆಂಟ್ ಬಂದರೆ ಪಾಯಿಂಟ್‌ಗಳು ಕೂಡಿ ಟಕ್ ಅಂತ ಹಿಡಿಯುತ್ತದೆ, ಹೋದರೆ ಬಿಡುತ್ತದೆ. ಇಲ್ಲಿವರೆಗೆ ತಕರಾರಿಲ್ಲ.

ಆದರೆ ಒಳಗಿನ ಪಾಯಿಂಟ್‌ಗಳು ಕರಗಿ ಬೆಸೆದುಕೊಂಡರೂ ನಮ್ಮವರು ‘ಹಿಡ್ಕೊಂಡಿದೆ’ ಅಂತಾರೆ. ಆಗ ಕಂಟ್ರೋಲರ್ ಆಫ್ ತೋರಿಸಿದರೂ ಹೀಟರ್ ಕಾಯುತ್ತಲೇ ಇರುತ್ತದೆ. ಸ್ಟಾಪ್ ಬಟನ್ ಒತ್ತಿ ಉಪಯೋಗವಿಲ್ಲ, ಮೇನ್ ಆಫ್ ಮಾಡಬೇಕು. ರಾತ್ರಿ ಶಿಫ್ಟ್‌ನ ಹುಡುಗ ಫೋನಿನಲ್ಲಿ ‘ಅಣ್ಣಾ, ಕಾಂಟ್ಯಾಕ್ಟರ್ ಹಿಡ್ದಿದೆ’ ಅಂದರೆ ನಾನು ಏನಂತ ತಿಳಿಯಲಿ? ಬೇರಿಂಗ್ ಜಾಮ್ ಆದರೂ ಇದೇ ಮಾತು, ಬಿಡಿ.

ಇನ್ನೂ ಮಜಾ ಇದೆ. 230 ವೋಲ್ಟ್ ಕಾಯಿಲ್ ಗಟ್ಟಿಯಾಗಿ ಹಿಡಿಯೋಕೆ ಅದರ 85% ಆದರೂ ವೋಲ್ಟೇಜ್ ಬೇಕು, ಅಂದರೆ ಸುಮಾರು 195. ಅದಕ್ಕಿಂತ ಇಳಿದು ಏರಿ ಆಡಿದರೆ ಕಟಕಟ ಅನ್ನುತ್ತದೆ. ಪಾಯಿಂಟ್ ಸುಟ್ಟು ಬೆಸೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಇದನ್ನು ‘ಹಿಡಿದು ಬಿಡ್ತು’ ಅಂತ ಬರೆದರೆ ಹಿಡಿಯಿತು, ಆಮೇಲೆ ಬಿಟ್ಟಿತು ಅಂತ. ಕೂಡಿಸಿ ‘ಹಿಡಿದುಬಿಡ್ತು’ ಅಂದರೆ ಪೂರ್ತಿ ಉಲ್ಟಾ. ಫೋನಿನಲ್ಲಿ ಆ ನಡುವಿನ ಜಾಗ ಕೇಳಿಸಲ್ಲ ಅಲ್ವಾ?

ಬೆಸೆದದ್ದಕ್ಕೆ ‘ಅಂಟಿಕೊಂಡಿದೆ’ ಅನ್ನಬಹುದು ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕಾಯಿಪುಡಿಯ ಜಿಡ್ಡು ಕೂತು ನಿಜವಾಗಿಯೇ ಅಂಟಿಕೊಳ್ಳುವುದೂ ಉಂಟು. ಅದನ್ನು ಒರೆಸಿದರೆ ಆಯ್ತು, ಬೆಸೆದದ್ದನ್ನು ಬದಲಾಯಿಸಲೇಬೇಕು. ಎರಡಕ್ಕೂ ಒಂದೇ ಮಾತಾದರೆ ಚಾರ್ಟ್ ಯಾಕೆ? ಸುಮ್ನೆ ‘ಸಂಪರ್ಕಕ’ದಂಥ ಹೊಸ ಪದವೂ ಬೇಡ. ಆಪರೇಟರ್ ಅದನ್ನು ಓದದೆ ನನಗೇ ಫೋನ್ ಹಚ್ಚುತ್ತಾನೆ.

ಸದ್ಯಕ್ಕೆ ಬೆಸೆದದ್ದಕ್ಕೆ ‘ಕಚ್ಚಿಕೊಂಡಿದೆ’, ವೋಲ್ಟೇಜ್ ಆಟಕ್ಕೆ ‘ಕಟಕಟ ಹೊಡ್ಕೊಳ್ತಿದೆ’ ಅಂತ ಬರೆದಿದ್ದೇನೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಒಣಗಿಸುವ ಕಡೆ, ಮಾಲೂರಿನ ಫ್ಯಾಕ್ಟರಿಗಳಲ್ಲಿ ಇವಕ್ಕೆ ಏನಂತಾರೆ? ‘ಕಚ್ಚಿಕೊಂಡಿದೆ’ ಅಂದರೆ ಅಲ್ಲಿಯವರಿಗೆ ಬೇರೆ ಅರ್ಥ ಬರುತ್ತದೆಯೇ?