ಪ್ಲಾಂಚೆಟ್ ಆಡಿ ಹೆದರಿದ ಮಗಳ ಬಗ್ಗೆ, ಅಕ್ಕಾಗ

ಅಕ್ಕಾ, ನಿಮ್ಮ ವಾಯ್ಸ್ ಪೂರಾ ಕೇಳಿದೆ. ವಿಜಯಪುರದ ಹಾಸ್ಟೆಲ್‌ನ್ಯಾಗ ನಾಕು ಹುಡುಗ್ಯಾರು ಪ್ಲಾಂಚೆಟ್ (ಅಕ್ಷರ ಬರೆದ ಹಾಳಿ ಮ್ಯಾಲ ವಾಟಿ ಇಟ್ಟು, ಬೆರಳಿಟ್ಟು ಆತ್ಮ ಕರೆಯೂ ಆಟ) ಹಚ್ಚ್ಯಾರ, ವಾಟಿ ನಿಮ್ಮ ಮಗಳಿಗೆ ಸಾಯೂ ತಾರೀಖು ತೋರಿಸೇತಿ, ಎರಡು ರಾತ್ರಿಯಿಂದ ಆಕಿಗೆ ನಿದ್ದಿ ಇಲ್ಲ. ಇಂಡಿ ಕಡೆ ಗಾಳಿ ಬಿಡಸವ್ರ ಹತ್ರ ಹೋಗೂಣೇನು ಅಂತ ಕೇಳೀರಿ. ಹೋಗಬ್ಯಾಡ್ರಿ. ಆಕೀನ ಬೈಯಲೂ ಬ್ಯಾಡ್ರಿ.

ವಾಟಿ ಯಾಕ ಸರೀತೈತಿ ಅಂತ ಆಕಿಗೆ ತಿಳಿಸಿ ಹೇಳ್ರಿ. ನುಣುಪು ಹಾಳಿ ಮ್ಯಾಲ ಹಗುರ ವಾಟಿ ಬೋರಲ ಹಾಕಿ ಎಲ್ಲಾರೂ ಬೆರಳಿಟ್ಟು ಕುಂತ್ರ, ಸ್ವಲ್ಪ ಹೊತ್ತಿಗೆ ತೋಳು ದಣೀತಾವ, ತಮಗ ಅರಿವಿಲ್ಲದ ಬೆರಳು ಒತ್ತತಾವ. ಒಬ್ಬಾಕಿ ಬೆರಳು ಸರಿದ್ರ ಉಳಿದವ್ರದೂ ಬೆನ್ನ ಹತ್ತತಾವ. "ನಾ ತಳ್ಳಿಲ್ಲ" ಅಂತ ನಾಕೂ ಮಂದಿ ಆಣಿ ಮಾಡ್ತಾರ, ಯಾರೂ ಸುಳ್ಳು ಹೇಳಿರೂದಿಲ್ಲ. 1853ರಾಗ ಇಂಗ್ಲೆಂಡಿನ ವಿಜ್ಞಾನಿ ಮೈಕಲ್ ಫ್ಯಾರಡೆ ಇಂಥದ್ದನ್ನ, ಅಂದ್ರ ಮಂದಿ ಸುತ್ತ ಕುಂತು ಕೈಯಿಟ್ರ ಆತ್ಮದಿಂದ ಮೇಜು ಸರೀತೈತಿ ಅನ್ನೂದನ್ನ, ಪರೀಕ್ಷಾ ಮಾಡ್ಯಾರ. ಮೇಜಿನ ಮ್ಯಾಲ ರಟ್ಟು ಒಂದರ ಮ್ಯಾಲ ಒಂದು ಇಟ್ಟು, ನಡುವ ಮೆತ್ತನ ಅಂಟಿನ ಉಂಡಿ ಹಚ್ಚಿದ್ರು. ಮೇಜು ತಾನ ಸರಿದಿದ್ರ ಕೆಳಗಿನ ರಟ್ಟು ಮುಂದ ಹೋಗಬೇಕಿತ್ತು. ಹೋಗಿದ್ದು ಕೈ ಕೆಳಗಿನ ಮ್ಯಾಲಿನ ರಟ್ಟು. ಕಣ್ಣು ಕಟ್ಟಿ, ಅಕ್ಷರದ ಹಾಳಿ ಗುಟ್ಟಾಗಿ ತಿರುವಿ ಇಟ್ರ ವಾಟಿ ಅರ್ಥ ಇಲ್ಲದ ಅಕ್ಷರಕ್ಕ ಹೋಗ್ತೈತಿ. ಇದನ್ನ ಬಾಯಿಲೆ ಹೇಳ್ರಿ ಸಾಕು, ಈಗ ಆಕಿ ಮುಂದ ಮತ್ತ ವಾಟಿ ಇಡಬ್ಯಾಡ್ರಿ. ಈ ಆಟದ ಅಕ್ಷರದ ಹಲಗಿ, ವಿಜಾ ಬೋರ್ಡ್ ಅನ್ನೂದು ಹಳೇ ಮಂತ್ರವಿದ್ಯಾನೂ ಅಲ್ಲ, 1891ರಾಗ ಅಮೆರಿಕಾದಾಗ ಆಟಿಗಿ ಅಂತನ ಪೇಟೆಂಟ್ ಆದದ್ದು.

ಇನ್ನ ಕಾಕಾ, ಹುಡುಗ್ಯಾರು ತಯಾರಿ ಇಲ್ಲದ ಪ್ಲಾಂಚೆಟ್‌ಗೆ ಕುಂತಿದ್ದ ತಪ್ಪು ಅಂತ ನೀವಂದ್ರಿ, ಖರೇ. ಆದ್ರ ನೀವು ಹೇಳೂ ಲಿಂಬಿಹಣ್ಣು, ವಿಭೂತಿ ಗೆರಿ ಅಲ್ಲ ತಯಾರಿ. ಯಾರು ಕುಂದರಬಾರದು ಅನ್ನೂದ ಮೊದಲು. ಮನ್ಯಾಗ ಇತ್ತೀಚಿಗೆ ಸಾವಾದವರು, ಪರೀಕ್ಷಾಕ್ಕಂತ ನಿದ್ದಿಗೆಟ್ಟವರು, ಮನಸಿನ ಕಾಯಿಲಿಗೆ ಗುಳಿಗಿ ತಗೊಳ್ಳವರು ಆ ಹಾಳಿ ಹತ್ರನೂ ಬರಬಾರದು. ಅಪ್ಪನ್ನ ಕಳಕೊಂಡ ಹುಡುಗಿ ಮನಸಿನ್ಯಾಗ ಇದ್ದ ಮಾತನ್ನ ಆಕಿ ಬೆರಳ ಬರೀತೈತಿ, ಆಕಿ ಅದನ್ನ ಅಪ್ಪ ಹೇಳಿದ್ದು ಅಂತ ಜನ್ಮಪೂರ್ತಿ ಹೊತ್ಕೊಂಡು ತಿರುಗತಾಳ. ಸಾವು, ರೋಗ, ಮದವಿ ಬಗ್ಗೆ ಪ್ರಶ್ನೆನ ಕೇಳಬಾರದು. ಅದರ ಮ್ಯಾಲ ಕಿಡಕಿ ಬಾಗಲಾ ಮುಚ್ಚಿ, ಹಾಸಿಗಿ ಪಕ್ಕ ಮೇಣದಬತ್ತಿ ಹಚ್ತಾರ. ಯಾರೋ ಚೀರಿ ದಡಕ್ಕನ ಎದ್ರ ವೇಲಿಗೆ ಬೆಂಕಿ ಹತ್ತಾಕ ಎಷ್ಟೊತ್ತು?

ಇವತ್ತ ರಾತ್ರಿ ಆಕಿ ಜೋಡಿ ಯಾರಾದ್ರೂ ಮಲಗ್ರಿ, ಸಣ್ಣ ಲೈಟ್ ಇರಲಿ, ಸಂಜಿಮುಂದ ಚಾ ಬ್ಯಾಡ, ದೆವ್ವದ ವಿಡಿಯೋ ಬ್ಯಾಡ. ನಿದ್ದಿಗೆಟ್ಟಾಗ ಒಮ್ಮೊಮ್ಮೆ ಎಚ್ಚರಾದ್ರೂ ಮೈ ಅಲಗೂದಿಲ್ಲ, ಎದಿ ಮ್ಯಾಲ ಯಾರೋ ಕುಂತಂಗ ಆಗ್ತೈತಿ. ಅದು ನಿದ್ದಿ ಪೂರಾ ಬಿಡೂಕಿಂತ ಮೊದಲ ಎಚ್ಚರ ಆದದ್ದು, ಒಂದೆರಡು ನಿಮಿಷಕ್ಕ ಹೋಗ್ತೈತಿ. ಮೊದಲ ಹೇಳಿಟ್ರ ಆಕಿ ಅದನ್ನ ದೆವ್ವ ಅನ್ನೂದಿಲ್ಲ. ಮಗ್ಗಲಾಗಿ ಮಲಗಲಿ.

ಇವತ್ತೂ ನಿದ್ದಿ ಬರಲಿಲ್ಲ, ಧ್ವನಿ ಕೇಳಸ್ತಾವ ಅಂದಳು, ಸಾಯೂ ಮಾತಾಡಿದಳು ಅಂದ್ರ ತಡಾ ಮಾಡದ ಜಿಲ್ಲಾ ಆಸ್ಪತ್ರಿ ಮನೋವೈದ್ಯರಿಗೆ ತೋರಿಸ್ರಿ. ಮನಸಿನ ತೊಂದರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಗಲು ರಾತ್ರಿ ಯಾವಾಗರೆ ಫೋನ್ ಹಚ್ಚಬಹುದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ದೆವ್ವ ಬಿಡಸ್ತೀವಿ ಅಂತ ಕಟ್ಟಿ ಹಾಕೂದು, ಹೊಡಿಯೂದು ನಮ್ಮ ರಾಜ್ಯದ 2017ರ ವಾಮಾಚಾರ ತಡಿಯೂ ಕಾಯ್ದೆ ಪ್ರಕಾರ ಅಪರಾಧ ಐತಿ, ಮನ್ಯಾಗ ಯಾರರೆ ಒತ್ತಾಯ ಮಾಡಿದ್ರ ಇದನ್ನ ಹೇಳ್ರಿ.

ಮತ್ತ ಉಳಿದ ಮೂರೂ ಹುಡುಗ್ಯಾರ ಅವ್ವಂದಿರಿಗೆ ಇವತ್ತ ಫೋನ್ ಮಾಡ್ರಿ ಅಕ್ಕಾ, ಆ ಹುಡುಗ್ಯಾರೂ ನಿದ್ದಿ ಮಾಡಿರಾಕಿಲ್ಲ.