ಬಿಳಿ ರಕ್ತಕಣ ಇಳಿದಿದೆ ಅಂತ ಅವ್ವನ ಕೀಮೋ ಮುಂದೆ ಹಾಕಿದ್ದಾರೆ, ಏನು ಮಾಡಬೇಕು?

ಪ್ರಶ್ನೆ (ಮುಧೋಳದಿಂದ): ನಮಸ್ಕಾರ ಸಿಸ್ಟರ್. ನಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್. ಬೆಳಗಾವಿಯಲ್ಲಿ 21 ದಿನಕ್ಕೊಮ್ಮೆ ಕೀಮೋ. ಮೂರನೇ ಸಲ ನಸುಕಿನ ಬಸ್ ಹಿಡಿದು ಹೋಗಿ, ರಕ್ತ ಕೊಟ್ಟು ಕೂತಿದ್ದೆವು, ಬಿಳಿ ರಕ್ತಕಣ ಕಡಿಮೆ ಇದೆ, ಮುಂದಿನ ವಾರ ಬನ್ನಿ ಅಂತ ವಾಪಸ್ ಕಳಿಸಿದರು. ಔಷಧ ಮೈಗೆ ಹತ್ತುತ್ತಿಲ್ಲ ಅಂತ ಅವ್ವ ಊಟಾನೇ ಬಿಟ್ಟಿದ್ದಾರೆ. ಅಷ್ಟರಲ್ಲಿ ಗಡ್ಡೆ ಬೆಳೆದರೆ?

ಉತ್ತರ (ಕೀಮೋ ವಾರ್ಡ್ ನರ್ಸ್, ಬೆಳಗಾವಿ): ಔಷಧ ಹತ್ತುತ್ತಿಲ್ಲ ಅಂತ ಇದರ ಅರ್ಥ ಅಲ್ಲವೇ ಅಲ್ಲ, ಮೊದಲು ಅವ್ವನಿಗೆ ಅದನ್ನು ಹೇಳಿ. ಬೇಗ ಬೇಗ ಬೆಳೆಯುವ ಕಣಗಳಿಗೆ ಕೀಮೋ ಪೆಟ್ಟು ಕೊಡುತ್ತದೆ. ಗಡ್ಡೆಗೂ ಬೀಳುತ್ತದೆ, ರಕ್ತ ತಯಾರಾಗುವ ಮೂಳೆ ಮಜ್ಜೆಗೂ ಬೀಳುತ್ತದೆ. ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ಕಣ ತೀರಾ ಇಳಿದು ಮೂರನೇ ವಾರಕ್ಕೆ ಏರುತ್ತದೆ, ಕೆಲವರಿಗೆ ಇನ್ನೊಂದು ವಾರ ಬೇಕು. ಹೀಗೆ ಒಂದು ವಾರ ತಡವಾಗುವವರು ನಮ್ಮ ವಾರ್ಡಿನಲ್ಲಿ ಬಹಳ ಜನ, ಅಷ್ಟಕ್ಕೇ ಚಿಕಿತ್ಸೆ ಕೆಡುವುದಿಲ್ಲ. ಕಣ ಇಲ್ಲದಾಗ ಕೀಮೋ ಹಾಕಿದರೆ ಸೋಂಕು ತಡೆಯುವುದೇ ಕಷ್ಟ, ಅದಕ್ಕೇ ಡಾಕ್ಟರ್ ನಿಲ್ಲಿಸಿದ್ದು.

ನನಗೆ ಚಿಂತೆ ಇರುವುದು ಜ್ವರದ್ದು. ಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಇಲ್ಲದಿದ್ದರೆ ಇವತ್ತೇ ತನ್ನಿ. 100.4 ಡಿಗ್ರಿ ಮುಟ್ಟಿತು ಅಂದರೆ, ಅಥವಾ ಚಳಿ ನಡುಕ ಬಂತು ಅಂದರೆ, ರಾತ್ರಿ ಎರಡಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ. ಸುಮ್ನೆ ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ, ಜ್ವರ ಮುಚ್ಚಿಕೊಂಡು ಒಳಗೆ ಸೋಂಕು ಏರುತ್ತಿರುತ್ತದೆ. ಬೆಳಗಾವಿಗೇ ಬರಬೇಕು ಅಂತಿಲ್ಲ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ದಾರಿಯಲ್ಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಬಾಗಿಲಲ್ಲೇ "ಕೀಮೋ ನಡೆದಿದೆ, ಜ್ವರ ಬಂದಿದೆ" ಅಂತ ಹೇಳಿ ಫೈಲ್ ಕೊಡಿ. ಒಂದು ತಾಸಿನೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಶುರುವಾಗಬೇಕು, ಸಾಲಿನಲ್ಲಿ ಕೂರುವ ಕೇಸ್ ಅಲ್ಲ ಇದು.

ಇನ್ನೊಂದು. ಮುಂದಿನ ಸಲ ಹಿಂದಿನ ದಿನವೇ ಮುಧೋಳದಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಬಹುದಾ ಅಂತ ನಿಮ್ಮ ಆಸ್ಪತ್ರೆಯಲ್ಲಿ ಕೇಳಿ. ಕಣ ಇಳಿದಿದ್ದರೆ ಅವ್ವನಿಗೆ ಅಷ್ಟು ದೂರದ ಬಸ್ ತಪ್ಪುತ್ತದೆ.

ಮರುಪ್ರಶ್ನೆ: ತುಂಬಾ ಉಪಕಾರ ಆಯ್ತು ಸಿಸ್ಟರ್. ಅವ್ವನಿಗೆ ರೊಟ್ಟಿ ಜೊತೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ಇಲ್ಲದೆ ಆಗಲ್ಲ. ಕೊಡಬಹುದಾ? ಕಾಕಾ ಪಪ್ಪಾಯಿ ಎಲೆ ರಸ ಕುಡಿಸು ಅಂತಾರೆ. ಕಣ ಏರಿಸೋ ಇಂಜೆಕ್ಷನ್ನೂ ಬರೆದಿದ್ದಾರೆ.

ಉತ್ತರ: ಕಣ ಏರುವ ತನಕ ಹಸಿ ಸೊಪ್ಪು ಬೇಡ ರೀ, ಎಷ್ಟು ತೊಳೆದರೂ ಎಲೆಗೆ ಮಣ್ಣು ಉಳಿಯುತ್ತದೆ. ಅದೇ ಮೆಂತ್ಯೆಯನ್ನು ಬೇಳೆ ಹಾಕಿ ಬೇಯಿಸಿ, ಬಿಸಿ ರೊಟ್ಟಿ ಜೊತೆ ಕೊಡಿ. ಎಲೆ ರಸವನ್ನು ಡಾಕ್ಟರಿಗೆ ಕೇಳದೆ ಕುಡಿಸಬೇಡಿ. ಇಂಜೆಕ್ಷನ್ ತಣ್ಣಗಿರಬೇಕು, ಐಸ್ ಹಾಕಿದ ಡಬ್ಬಿಯಲ್ಲಿ ತಂದು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಹಾಕಿಸಿದ ಮೇಲೆ ಸೊಂಟ, ಕಾಲೆಲುಬು ನೋಯಬಹುದು. ಅವ್ವನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ರೋಗ ಮೂಳೆಗೆ ಹೋಯಿತು ಅಂತ ಹೆದರಿಬಿಡುತ್ತಾರೆ. ನೋವು ಜಾಸ್ತಿಯಾದರೆ ಯಾವ ಮಾತ್ರೆ ಅಂತ ಡಾಕ್ಟರಿಗೇ ಕೇಳಿ, ಆದರೆ ಕೊಡುವ ಮೊದಲು ಜ್ವರ ನೋಡಿ.