ಐರ್ಲೆಂಡಿನ ಡೇರಿ ಫಾರ್ಮ್‌ನಲ್ಲಿ ಕೆಲಸ: ಇವರ ಚಿಂತೆ ಏನು, ಇವರ ಜೊತೆ ಮಾತಾಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಟಿಪ್ಪರರಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳೆದವನು. ಈಗ ಟಿಪ್ಪರರಿ ಕೌಂಟಿಯಲ್ಲಿ 110 ಹಸು ಇರುವ ಫಾರ್ಮ್‌ನಲ್ಲಿ ಕೆಲಸಕ್ಕಿದ್ದೇನೆ. ಬಂದು ನಾಲ್ಕು ತಿಂಗಳಾಯಿತು. ಕೆಲಸ ಕಷ್ಟ ಅನ್ನಿಸುತ್ತಿಲ್ಲ. ಮಾತೇ ಕಷ್ಟ.

ಹೋದ ವಾರ ಟಿಬಿ ಪರೀಕ್ಷೆ ಆಯಿತು. ಮೂರು ಹಸು ಫೇಲ್. ಅವತ್ತಿನಿಂದ ಮಾಲೀಕರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಏನಾಯಿತು ಅಂತ ಕೇಳಿದರೆ "ಗ್ರ್ಯಾಂಡ್, ಗ್ರ್ಯಾಂಡ್" ಅಂತಾರೆ. ನನ್ನಿಂದ ಏನಾದರೂ ತಪ್ಪಾಯಿತಾ? ಬೆಳಿಗ್ಗೆ ಹತ್ತಕ್ಕೆ ಅವರ ಅಡುಗೆಮನೆಯಲ್ಲಿ ಟೀ. ಮಾಲೀಕರು, ಅವರ ತಾಯಿ, ಪಕ್ಕದ ಫಾರ್ಮ್‌ನವರು ಕೂರುತ್ತಾರೆ. ಅರ್ಧ ಗಂಟೆ ಬರೀ ಮಳೆ, ಗಾಳಿ. ನಾನು ಬಿಸ್ಕೆಟ್ ತಿನ್ನುತ್ತಾ ಕೂತಿರುತ್ತೇನೆ. ಏನು ಮಾತಾಡಬೇಕು? ಏನು ಕೇಳಬಾರದು? ಫೆಬ್ರವರಿಯಲ್ಲಿ ಹಸುಗಳೆಲ್ಲ ಒಟ್ಟಿಗೆ ಕರು ಹಾಕಲು ಶುರು ಮಾಡುತ್ತವಂತೆ, ಅದಕ್ಕೂ ಏನಾದರೂ ಹೇಳಿ.

ಕಾರ್ಕ್‌ನಿಂದ, ಆರು ವರ್ಷದಿಂದ ಹಾಲು ಕರೆಯುತ್ತಿರುವವನು

ತಮ್ಮಾ, ನಿನ್ನಿಂದ ಏನೂ ತಪ್ಪಾಗಿಲ್ಲ. ನಮ್ಮ ಫಾರ್ಮ್‌ನಲ್ಲಿ ಇದನ್ನು ಎರಡು ಸಲ ನೋಡಿದ್ದೇನೆ.

ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ನೀನೇ ನೋಡಿರುತ್ತೀಯ. ಕುತ್ತಿಗೆಯ ಮೇಲೆ ಎರಡು ಕಡೆ ಕೂದಲು ಕತ್ತರಿಸಿ ಎರಡು ಇಂಜೆಕ್ಷನ್. ಮೇಲಿನದು ಹಕ್ಕಿಗಳ ಟಿಬಿಯದು, ಕೆಳಗಿನದು ದನದ ಟಿಬಿಯದು. 72 ಗಂಟೆ ಬಿಟ್ಟು ಡಾಕ್ಟರ್ ಬಂದು ಗಂಟು ಎಷ್ಟು ಊದಿದೆ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಮೇಲಿನದಕ್ಕಿಂತ ಕೆಳಗಿನದು 4 ಮಿ.ಮೀ.ಗಿಂತ ಜಾಸ್ತಿ ಊದಿದ್ದರೆ ಆ ಹಸು ರಿಯಾಕ್ಟರ್, ಅಂದರೆ ಫೇಲ್, ಕಸಾಯಿಖಾನೆಗೆ ಹೋಗಬೇಕು. ಆ ಮೂರನೇ ದಿನ ನಮ್ಮ ಯಜಮಾನರು ಹಸುವನ್ನು ನೋಡುವುದೇ ಇಲ್ಲ. ಡಾಕ್ಟರ ಬೆರಳು ನೋಡುತ್ತಾರೆ. ಬೆರಳು ಕುತ್ತಿಗೆ ಸವರಿ ಮುಂದಕ್ಕೆ ಹೋದರೆ ಸರಿ. ಮತ್ತೆ ಅಲ್ಲಿಗೇ ವಾಪಸ್ ಬಂದು ನಿಂತರೆ ಮುಗಿಯಿತು. ಆಮೇಲೆ ಜೇಬಿನಿಂದ ಅಳತೆಯ ಕ್ಯಾಲಿಪರ್ ಹೊರಗೆ ಬರುತ್ತದೆ. ಯಾರೂ ಮಾತಾಡುವುದಿಲ್ಲ. ಗೇಟಿನ ಸರಪಳಿ ಸದ್ದು ಮಾತ್ರ ಕೇಳಿಸುತ್ತದೆ.

ಮೂರು ಹಸು ಹೋಗುವುದು ದೊಡ್ಡ ವಿಷಯ ಅಲ್ಲ ಅಂತಲ್ಲ. ಅದಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಆದರೆ ಅದು ಅವರ ಅಪ್ಪನ ಕಾಲದ ಹಸುವಿನ ಮೊಮ್ಮಗಳಾಗಿದ್ದರೆ ಪರಿಹಾರ ಯಾವ ಲೆಕ್ಕ? ಇನ್ನೊಂದು ತಲೆನೋವು ಇದೆ. ಇಡೀ ಮಂದೆ ಈಗ ಬಂದ್. ಇಲ್ಲಿಯವರು "ಲಾಕ್ಡ್ ಅಪ್" ಅಂತಾರೆ. ಕನಿಷ್ಠ 60 ದಿನದ ಅಂತರದಲ್ಲಿ ಎರಡು ಪರೀಕ್ಷೆ ಪಾಸಾಗುವ ತನಕ ಸಾಮಾನ್ಯವಾಗಿ ಕಸಾಯಿಖಾನೆಗೆ ಬಿಟ್ಟು ಬೇರೆಲ್ಲಿಗೂ ದನ ಮಾರುವ ಹಾಗಿಲ್ಲ. ಈಗ ಲೆಕ್ಕ ಹಾಕು. ಫೆಬ್ರವರಿ, ಮಾರ್ಚ್‌ನಲ್ಲಿ ನೂರು ಕರು ಹುಟ್ಟುತ್ತವೆ. ಪ್ರತಿ ವರ್ಷ ಗಂಡು ಕರುಗಳು ಎರಡು ಮೂರು ವಾರಕ್ಕೇ ಮಾರಾಟವಾಗಿ ಹೋಗುತ್ತಿದ್ದವು. ಈ ಸಲ ಅವೂ ಇಲ್ಲೇ. ಎಲ್ಲಿ ಇಡುವುದು, ಯಾವ ಹಾಲು ಕುಡಿಸುವುದು, ಯಾರು ನೋಡಿಕೊಳ್ಳುವುದು? ನಿಮ್ಮ ಮಾಲೀಕರ ತಲೆಯಲ್ಲಿ ಓಡುತ್ತಿರುವುದು ಅದು. ನೀನಲ್ಲ.

ಐರ್ಲೆಂಡ್ 1954ರಿಂದ ಟಿಬಿ ಓಡಿಸಲು ಹೊರಟಿದೆ. ಟಿಬಿ ಇನ್ನೂ ಇಲ್ಲೇ ಇದೆ. ಬ್ಯಾಡ್ಜರ್ ಅಂತ ಬಿಲದಲ್ಲಿರುವ ಪ್ರಾಣಿಗೂ ಈ ರೋಗ ಇರುತ್ತದೆ. ಟೀ ಹೊತ್ತಿನಲ್ಲಿ ಆ ಪದ ತೆಗೆದರೆ ಒಂದು ಗಂಟೆ ಮಾತು ಗ್ಯಾರಂಟಿ, ಆದರೆ ಈ ವಾರ ಬೇಡ.

"ಗ್ರ್ಯಾಂಡ್" ಬಗ್ಗೆ ಹೇಳುತ್ತೇನೆ. ಒಂದೇ ಸಲ, ಎಳೆದು ಹೇಳಿದರೆ ನಿಜವಾಗಲೂ ಚೆನ್ನಾಗಿದೆ ಅಂತ. ಎರಡು ಸಲ ಬೇಗ ಹೇಳಿದರೆ ಈಗ ಕೇಳಬೇಡ ಅಂತ.

ರಾಸ್‌ಕಾಮನ್‌ನಿಂದ, ವೃದ್ಧಾಶ್ರಮದಲ್ಲಿ ನರ್ಸ್

ನನಗೆ ದನದ ಕೆಲಸ ಗೊತ್ತಿಲ್ಲ. ಆದರೆ ನಾನು ನೋಡಿಕೊಳ್ಳುವ ಅಜ್ಜಂದಿರಲ್ಲಿ ಮುಕ್ಕಾಲು ಜನ ರೈತರು. ಮೊದಲ ವರ್ಷ ನಿಮ್ಮ ಹಾಗೇ ಒದ್ದಾಡಿದ್ದೇನೆ.

ಮಳೆ ಮಾತು ಬರೀ ಮಳೆ ಮಾತಲ್ಲ. ಇಲ್ಲಿ ಹಸು ಮೇಯುವುದೇ ಬದುಕು. ಫೆಬ್ರವರಿಯಿಂದ ನವೆಂಬರ್ ತನಕ ಹೊರಗೆ ಮೇದರೆ ಖರ್ಚು ಕಡಿಮೆ. ನೆಲ ಕೆಸರಾದರೆ ಹೊರಗೆ ಬಿಡುವ ಹಾಗಿಲ್ಲ, ಬಿಟ್ಟರೆ ಹುಲ್ಲು ತುಳಿದು ಹಾಳು. ಒಳಗೇ ಇಟ್ಟರೆ ಸೈಲೇಜ್, ಅಂದರೆ ಚಳಿಗಾಲಕ್ಕೆ ಕೂಡಿಟ್ಟ ಹುಲ್ಲು, ಖಾಲಿ. "ವೆಟ್ ಎನಫ್" ಅಂತ ಒಬ್ಬರು ಅಂದರೆ ಮೇವು ಇನ್ನು ಎಷ್ಟು ವಾರಕ್ಕಿದೆ ಅಂತ ಲೆಕ್ಕ ಹಾಕುತ್ತಿದ್ದಾರೆ ಅಂತ ತಿಳ್ಕೊಳ್ಳಿ. 2013ರ ವಸಂತ ಬಂದೇ ಇಲ್ಲ ಅಂತ ನಮ್ಮ ಅಜ್ಜಂದಿರು ಈಗಲೂ ಹೇಳುತ್ತಾರೆ. ಚಳಿ ಎಳೆದು, ಹುಲ್ಲು ಬೆಳೆಯದೆ, ಇಂಗ್ಲೆಂಡ್, ಫ್ರಾನ್ಸ್‌ನಿಂದ ಹಡಗಿನಲ್ಲಿ ಮೇವು ತರಿಸಬೇಕಾಯಿತು. 2018ರಲ್ಲಿ ಮಾರ್ಚ್ ಶುರುವಿನಲ್ಲಿ ಹಿಮ, ಬೇಸಿಗೆಯಲ್ಲಿ ಬರ. ಇಲ್ಲಿಯೂ ಬರ ಅಂತ ಒಂದಿದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಹಾಗಾಗಿ ನೀವು ಹೇಳಬೇಕಾದ್ದು ಇಷ್ಟೇ: "ಹಿಂದಿನ ಹೊಲ ಇವತ್ತು ಹೇಗಿದೆ, ಕಾಲು ಹೂಳುತ್ತಾ?" ನೀವು ನಡೆದು ನೋಡಿ ಬಂದಿದ್ದರೆ ಇನ್ನೂ ಒಳ್ಳೆಯದು. ನೋಡಿದ್ದನ್ನು ಹೇಳಿ.

ಕೇಳಬಾರದ್ದು: ಎಷ್ಟು ಎಕರೆ, ಎಷ್ಟು ದನ, ಯಾರಿಗೆ ಬರೆದಿಟ್ಟಿದ್ದೀರಿ. ನಾನು ಒಬ್ಬ ಅಜ್ಜನಿಗೆ ಸಲುಗೆಯಿಂದ "ಎಷ್ಟು ಎಕರೆ ಅಜ್ಜಾ" ಅಂತ ಕೇಳಿಬಿಟ್ಟೆ. ಬ್ಯಾಂಕ್ ಪಾಸ್‌ಬುಕ್ ತೋರಿಸಿ ಅಂದ ಹಾಗೆ ನೋಡಿದರು. "ಎನಫ್ ಟು ಬಿ ಟೈರ್ಡ್", ಸುಸ್ತಾಗುವಷ್ಟಿದೆ, ಅಂದು ಮುಖ ತಿರುಗಿಸಿದರು. ಆಮೇಲೆ ನಮ್ಮ ಮನೆಯ ತೆಂಗಿನ ತೋಟದ ಫೋಟೋ ತೋರಿಸಿ ರಾಜಿ ಆಯಿತು.

ಮುಂದೆ ಫಾರ್ಮ್ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಇಲ್ಲಿನ ದೊಡ್ಡ ನೋವು. 2020ರ ಕೃಷಿ ಗಣತಿ ಪ್ರಕಾರ ಸುಮಾರು ಮೂರರಲ್ಲಿ ಒಬ್ಬ ರೈತನಿಗೆ 65 ದಾಟಿದೆ. ಮಕ್ಕಳು ಡಬ್ಲಿನ್‌ನಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ನಮ್ಮ ಊರುಗಳ ಕಥೆಯೂ ಇದೇ ಅಲ್ವಾ, ಹೆಸರು ಮಾತ್ರ ಬೇರೆ. ನಿಮ್ಮ ಮಾಲೀಕರಿಗೆ ಮಕ್ಕಳಿದ್ದರೆ ಆ ವಿಷಯ ಅವರೇ ಎತ್ತಲಿ.

ರಸ್ತೆಯಲ್ಲಿ ಎದುರು ಬಂದ ಟ್ರ್ಯಾಕ್ಟರ್‌ನವರು ಸ್ಟೀರಿಂಗ್ ಬಿಡದೆ ಒಂದು ಬೆರಳು ಎತ್ತುತ್ತಾರೆ. ನೀವೂ ಎತ್ತಿ. ಎತ್ತದಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಮೇಯೊದಿಂದ, ಐರಿಶ್ ಮನೆಯ ಅಳಿಯ

ಟಿಪ್ಪರರಿಯ ಡೇರಿಯವರು ನಮ್ಮ ಕಡೆಯವರ ಕಣ್ಣಿಗೆ ಸಾಹುಕಾರರು, ಅದು ಗೊತ್ತಿರಲಿ. ನನ್ನ ಮಾವನಿಗೆ ಹದಿನಾಲ್ಕು ತಾಯಿ ಹಸು, ಗುಡ್ಡದ ಮೇಲೆ ಒಂದಷ್ಟು ಕುರಿ. ಹಾಲು ಕರೆಯುವುದಿಲ್ಲ. ಕರು ತಾಯಿಯದೇ ಹಾಲು ಕುಡಿದು ಬೆಳೆಯುತ್ತದೆ, ಶರತ್ಕಾಲದಲ್ಲಿ ಮಾರ್ಟ್‌ನಲ್ಲಿ, ಅಂದರೆ ದನದ ಹರಾಜಿನ ಸಂತೆಯಲ್ಲಿ, ಮಾರುತ್ತಾರೆ. ವರ್ಷದ ದುಡಿಮೆ ಹರಾಜಿನ ಕಟಾಂಜನದೊಳಗೆ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಮಾರಿದವರು ಕೊಂಡವರ ಕೈಗೆ ಸ್ವಲ್ಪ ದುಡ್ಡು ವಾಪಸ್ ಕೊಡುವ ಪದ್ಧತಿ ಇದೆ. ಲಕ್ ಮನಿ. ಅದೃಷ್ಟಕ್ಕೆ ಅಂತ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರಲ್ಲ, ಅದನ್ನು ಮಾವನಿಗೆ ಮಾಡಿ ತೋರಿಸಿದೆ. ಅಡುಗೆಮನೆಯ ಟವೆಲ್ ಹಾಕಿಕೊಂಡು ನನ್ನ ಬೆರಳು ಹಿಡಿದರು. ಅವತ್ತಿನಿಂದ ಯಾರೇ ಮನೆಗೆ ಬಂದರೂ ಆ ಟವೆಲ್ ಹೊರಗೆ ಬರುತ್ತದೆ. ನಿಮ್ಮೂರಿನ ಇಂಥ ಒಂದು ಸಂಗತಿ ಕೈಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಇಂಗ್ಲಿಷ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ರೇಟಿನ ಬಗ್ಗೆ ಇವರು ಖುಷಿಯಾಗಿದ್ದೇನೆ ಅಂತ ಯಾವತ್ತೂ ಹೇಳುವುದಿಲ್ಲ. 2019ರಲ್ಲಿ ದನದ ಮಾಂಸಕ್ಕೆ ಬೆಲೆ ಇಲ್ಲ ಅಂತ ರೈತರು ಫ್ಯಾಕ್ಟರಿ ಗೇಟುಗಳ ಮುಂದೆ ವಾರಗಟ್ಟಲೆ ಕೂತರು. 2025ರಲ್ಲಿ ಅದೇ ಮಾಂಸ ಕಿಲೋಗೆ 7 ಯೂರೋ ದಾಟಿತು. ಮಾವ ಏನಂದರು ಗೊತ್ತಾ? "ಈಗ ಕರು ಕೊಳ್ಳಲು ಎಷ್ಟಾಗುತ್ತದೋ!" ಉಣ್ಣೆ ವಿಷಯ ಎತ್ತಲೇಬೇಡಿ. ಕುರಿಯ ಉಣ್ಣೆ ಕತ್ತರಿಸಿದವನ ಕೂಲಿಗೂ ಅದರ ದುಡ್ಡು ಸಾಲುವುದಿಲ್ಲ.

2025ರ ಜನವರಿ 24ರ ಎಯೋವಿನ್ ಬಿರುಗಾಳಿ ಬಗ್ಗೆ ಕೇಳಿ, ಅದಕ್ಕೆ ಎಲ್ಲರ ಹತ್ತಿರವೂ ಕಥೆ ಇದೆ. ಗಾಳಿ ಗಂಟೆಗೆ 180 ಕಿ.ಮೀ. ಮೀರಿತ್ತು. ಏಳು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗೆ ಕರೆಂಟಿಲ್ಲ. ಕೊಳವೆಬಾವಿ ಮೋಟರ್ ನಿಂತು ದನಕ್ಕೆ ನೀರಿಲ್ಲ. ನಮ್ಮ ರಸ್ತೆಗೆಲ್ಲ ಒಂದೇ ಜನರೇಟರ್. ಅದನ್ನು ಟ್ರ್ಯಾಕ್ಟರ್‌ಗೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ಸುತ್ತಿದೆವು. ಇಪ್ಪತ್ತು ವರ್ಷದಿಂದ ಬೇಲಿ ಜಗಳಕ್ಕೆ ಮಾತು ಬಿಟ್ಟಿದ್ದ ಮನೆಗೂ ಹೋಯಿತು. ಮಾತು ಮಾತ್ರ ಇನ್ನೂ ಶುರುವಾಗಿಲ್ಲ.

ಲಿಮರಿಕ್‌ನಿಂದ

ಎಲ್ಲರೂ ಮಾಲೀಕರ ಮನಸ್ಸು ಓದಲು ಹೇಳುತ್ತಿದ್ದೀರಿ, ಒಳ್ಳೆಯದು. ಆದರೆ ಕರು ಹಾಕುವ ಕಾಲದಲ್ಲಿ ದಿನಕ್ಕೆ ಎಷ್ಟು ಗಂಟೆ, ರಾತ್ರಿ ಪಾಳಿ ಯಾರದು, ರಜೆ ಯಾವಾಗ, ಇದನ್ನು ಈಗಲೇ ಕೂತು ಮಾತಾಡಿ. ಪ್ರತಿ ಸಲ ಸಂಬಳದ ಚೀಟಿ ತಗೊಳ್ಳಿ. ನಾನು ಮೊದಲು ಇದ್ದ ಕಡೆ ಸಂಕೋಚಕ್ಕೆ ಕೇಳದೆ ಎರಡು ತಿಂಗಳು ಪುಕ್ಕಟೆ ರಾತ್ರಿ ಕಾದೆ. ಚಿಂತೆಯಲ್ಲಿದ್ದಾರೆ ಅಂತ ನಿಮ್ಮ ಲೆಕ್ಕ ಬಿಡಬೇಡಿ.

ಕಾರ್ಕ್‌ನವನೇ ಮತ್ತೆ

ಲಿಮರಿಕ್‌ನವರ ಮಾತು ಸರಿ. ಮೊದಲೇ ನಾನೇ ಹೇಳಬೇಕಿತ್ತು.

ಈಗ ಕರುಗಳ ವಿಷಯ. ಊರಲ್ಲಿ ವರ್ಷಕ್ಕೆ ಎರಡು ಕರು ನೋಡಿದವನಿಗೆ ಇಲ್ಲಿ ಒಂದೇ ರಾತ್ರಿ ಏಳು ಬರಬಹುದು. ನಮ್ಮ ಫಾರ್ಮ್‌ನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 1-2-3 ಅಂತ ಬರೆದಿದೆ. ಮೊದಲ ಸಲ ಕರೆದ ಹಾಲು, ಎರಡು ಗಂಟೆಯೊಳಗೆ, ಮೂರು ಲೀಟರ್. ನಿದ್ದೆಗಣ್ಣಲ್ಲಿ ಇದೊಂದು ನೆನಪಿದ್ದರೆ ಸಾಕು, ಭೇದಿ ಬಂದು ಸಾಯುವ ಕರು ಎಷ್ಟೋ ಉಳಿಯುತ್ತವೆ. ಹೊಕ್ಕುಳಿಗೆ ಅಯೋಡಿನ್ ಹಚ್ಚು. 20 ದಿನದೊಳಗೆ ಕಿವಿಗೆ ನಂಬರಿನ ಓಲೆ (ಟ್ಯಾಗ್) ಹಾಕಬೇಕು. ಓಲೆ ಹಾಕುವಾಗಲೇ ಕಿವಿಯ ಚೂರು ಬಿವಿಡಿ ಅನ್ನುವ ದನದ ವೈರಸ್ ರೋಗದ ಪರೀಕ್ಷೆಗೆ ಹೋಗುತ್ತದೆ, 2013ರಿಂದ ಅದು ಕಡ್ಡಾಯ. ನಂಬರ್ ತಪ್ಪು ಬರೆದರೆ ಮಾಲೀಕರಿಗೆ ತಿಂಗಳುಗಟ್ಟಲೆ ಕಾಗದದ ಕಾಟ. ಬರೆದ ಮೇಲೆ ಒಂದು ಫೋಟೋ ತೆಗೆದಿಟ್ಟುಕೋ.

ಕರು ಹಾಕಿದ ಹಸು ಎದ್ದೇಳಲಾರದೆ, ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿದ್ದರೆ ಹಾಲು ಜ್ವರ. ಎಷ್ಟು ಹೊತ್ತಾಗಿದ್ದರೂ ಮಾಲೀಕರನ್ನು ಎಬ್ಬಿಸು. ಕ್ಯಾಲ್ಸಿಯಂ ಕೊಟ್ಟರೆ ಏಳುತ್ತದೆ. ನಿನ್ನನ್ನು ಬೈಯುವುದಿಲ್ಲ, ಎಬ್ಬಿಸದಿದ್ದರೆ ಬೈಯುತ್ತಾರೆ. ಹೊಸ ಬಾಣಂತಿ ಹಸುವಿನ ಮತ್ತು ಕರುವಿನ ಮಧ್ಯೆ ನಿಲ್ಲಬೇಡ. ನಿನ್ನೆ ಕೈ ನೆಕ್ಕಿದ ಹಸು ಇವತ್ತು ಗುದ್ದುತ್ತದೆ.

ಇನ್ನೊಂದು, ಇದನ್ನು ಎರಡು ಸಲ ಓದು. ನಿಮ್ಮ ಟಿಪ್ಪರರಿಯಲ್ಲಿ ಜನವರಿ 13ರಿಂದ ಸ್ಲರಿ ಹೊಲಕ್ಕೆ ಹಾಕಲು ಬಿಟ್ಟಿರುತ್ತಾರೆ. ದನದ ಕೆಳಗಿನ ಗುಂಡಿಯಲ್ಲಿ ಚಳಿಗಾಲವಿಡೀ ತುಂಬಿದ ಸಗಣಿ, ಗಂಜಲ ಅದು. ಅದನ್ನು ಕಲಕುವಾಗ ಬರುವ ಗ್ಯಾಸ್ ಒಂದೆರಡು ಉಸಿರಿಗೆ ಮನುಷ್ಯನನ್ನು ಬೀಳಿಸುತ್ತದೆ. ದನ ಮೊದಲು ಹೊರಗೆ. ಬಾಗಿಲೆಲ್ಲ ತೆಗೆದಿರಬೇಕು. ಕಲಕಲು ಶುರುವಾದ ಮೇಲೆ ಕನಿಷ್ಠ ಅರ್ಧ ಗಂಟೆ ಹತ್ತಿರ ಸುಳಿಯಬೇಡ. ಯಾರಾದರೂ ಒಳಗೆ ಬಿದ್ದರೂ ಹಿಂದೆಯೇ ಇಳಿಯಬೇಡ, 999ಕ್ಕೆ ಫೋನ್ ಮಾಡು.

ಗಿಣ್ಣು ಮಾಡುವ ಆಸೆ ಆಗುತ್ತದೆ, ನನಗೆ ಗೊತ್ತು. ಬಕೆಟ್‌ಗಟ್ಟಲೆ ಗಿಣ್ಣದ ಹಾಲು ಕಣ್ಣ ಮುಂದೆ! ಮೊದಲು ಕರುವಿಗೆ. ಮಿಕ್ಕರೆ ಮೊದಲ ಸೂಲಿನ ಹಸುವಿನದು ತಗೋ. ಹಳೆಯ ಹಸುಗಳಿಗೆ ಹಾಲು ಬತ್ತಿಸುವಾಗ ಕೆಚ್ಚಲಿಗೆ ಔಷಧ ಹಾಕಿರಬಹುದು. ಟಿಬಿ ಬಂದ ಮನೆಯ ಹಾಲು, ಹಸಿಯಾಗಿ ಬಾಯಿಗೆ ಹಾಕಲೇಬೇಡ. ಅರ್ಧ ಗಂಟೆ ಚೆನ್ನಾಗಿ ಹಬೆಯಲ್ಲಿ ಬೇಯಿಸು.

ಕೇಳಿದವನು, ಮೂರು ವಾರ ಬಿಟ್ಟು

ಎಲ್ಲರಿಗೂ ಥ್ಯಾಂಕ್ಸ್. ಟೀ ಹೊತ್ತಿನಲ್ಲಿ "ಗಂಡು ಕರುಗಳಿಗೆ ಜಾಗ ಎಲ್ಲಿ ಮಾಡೋಣ" ಅಂತ ಕೇಳಿದೆ. ಮಾಲೀಕರು ಕಿಟಕಿ ಆಚೆ ನೋಡುತ್ತಾ, ಹಳೆಯ ಹುಲ್ಲಿನ ಶೆಡ್ ಖಾಲಿ ಮಾಡಬೇಕು, ಒಬ್ಬನ ಕೈಯಲ್ಲಿ ಆಗುವುದಿಲ್ಲ ಅಂದರು. ಇಬ್ಬರೂ ಸೇರಿ ಎರಡು ದಿನ ಖಾಲಿ ಮಾಡಿದೆವು. ಆ ಎರಡು ದಿನದಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಮಾತಾಡಿದರು. ರಾತ್ರಿ ಪಾಳಿ ವಾರಕ್ಕೆ ಮೂರು ಅಂತ ಮಾತಾಯಿತು, ಚೀಟಿಯಲ್ಲೂ ಬರುತ್ತದೆ.

ಇಲ್ಲಿಯವರೆಗೆ 41 ಕರು, ಎರಡು ಸತ್ತವು. ಮೊನ್ನೆ ಗಿಣ್ಣು ಮಾಡಿದೆ. ಬೆಲ್ಲ ಇರಲಿಲ್ಲ, ಕಂದು ಸಕ್ಕರೆ ಹಾಕಿದೆ. ಏಲಕ್ಕಿ ಊರಿಂದ ತಂದಿದ್ದು. ಮಾಲೀಕರು ಚಮಚದ ತುದಿಯಲ್ಲಿ ಮುಟ್ಟಿ ನೋಡಿ ತಟ್ಟೆ ಪಕ್ಕಕ್ಕಿಟ್ಟರು. ಅವರ ತಾಯಿ "ಗ್ರ್ಯಾಂಡ್, ಗ್ರ್ಯಾಂಡ್" ಅಂದರು. ಎರಡು ಸಲ, ಬೇಗ. ಆಮೇಲೆ ಮಗನ ತಟ್ಟೆಯನ್ನೂ ತಮ್ಮ ಕಡೆ ಎಳೆದುಕೊಂಡರು. ಕಾರ್ಕ್ ಅಣ್ಣ, ಇದು ಯಾವ ಗ್ರ್ಯಾಂಡ್?